ಪೆಟ್ಟಿಗೆಯಲ್ಲಿ ಏನಿಲ್ಲ ಎಂಬುದು ಕಾಣಬೇಕು

ತಮ್ಮಾ, ಇದನ್ನೆಲ್ಲ ಬೆರಳಿನಲ್ಲಿ ಕುಟ್ಟುತ್ತಾ ಕುಳಿತರೆ ಸಂಜೆಯಾಗುತ್ತದೆ, ಅದಕ್ಕೇ ಮಾತಿನಲ್ಲಿ ಹೇಳಿಬಿಡುತ್ತೇನೆ. ಉದ್ದವಾಗುತ್ತದೆ, ಕೆಲಸ ಮಾಡುತ್ತಲೇ ಕೇಳಿಸಿಕೋ. ಗ್ಯಾರೇಜಿನ ನೆಲದ ತುಂಬ ಬೋಲ್ಟಿನ ತಲೆಗೆ ಟೊಪ್ಪಿಯ ಹಾಗೆ ಕೂರುವ ಸಾಕೆಟ್, ಸ್ಪ್ಯಾನರ್, ಇಕ್ಕಳ, ಸುತ್ತಿಗೆಗಳನ್ನು ಹರಡಿ, ಮನೆಯವರ ಗುಂಪಿಗೆ ಚಿತ್ರ ಕಳಿಸಿ, ಪೆಟ್ಟಿಗೆಯಲ್ಲಿ ಇವನ್ನು ಹೇಗೆ ಜೋಡಿಸಲಿ ಎಂದು ಕೇಳಿದ್ದೀಯ. ಚಿಕ್ಕಪ್ಪ, ಎಲ್ಲ ಡ್ರಾಯರಿಗೂ ಉಪಕರಣದ ಆಕಾರಕ್ಕೆ ಫೋಮ್ ಕತ್ತರಿಸಿ ಹಾಕಿಬಿಡು ಎಂದಿದ್ದಾರೆ. ನಿನ್ನ ಭಾವ, ಸಾಕೆಟ್‌ಗಳನ್ನೆಲ್ಲ ಚಿಕ್ಕದರಿಂದ ದೊಡ್ಡದಕ್ಕೆ ಒಂದೇ ಸಾಲಿನಲ್ಲಿ ಇಟ್ಟರೆ ಆಯಿತು ಎಂದು ಬರೆದಿದ್ದಾರೆ. ಭಾವನ ಮಾತನ್ನು ಪೂರ್ತಿ ತಳ್ಳಿಹಾಕುತ್ತೇನೆ, ಚಿಕ್ಕಪ್ಪನವರದನ್ನು ಅರ್ಧ ಒಪ್ಪುತ್ತೇನೆ.

ನಾನು ಕಾರ್ಖಾನೆಯ ಉಪಕರಣಗಳ ಉಗ್ರಾಣ ನೋಡಿಕೊಂಡವಳು. ಅಲ್ಲಿ ಬೆಳಿಗ್ಗೆ ಏನೇನಿದೆ ಎಂದು ಯಾರೂ ಕೇಳುವುದಿಲ್ಲ, ಸಂಜೆ ಏನು ವಾಪಸು ಬಂದಿಲ್ಲ ಎಂದು ಕೇಳುತ್ತಾರೆ. ಪೆಟ್ಟಿಗೆ ಜೋಡಿಸುವಾಗಲೂ ಅದೇ ಲೆಕ್ಕ ಇಟ್ಟುಕೋ. ಡ್ರಾಯರ್ ಎಳೆದ ಕೂಡಲೇ, ಎಣಿಸದೆ, ಯಾವುದು ಇಲ್ಲ ಎಂಬುದು ಹಲ್ಲುದುರಿದ ಬಾಯಿಯ ಹಾಗೆ ಕಾಣಬೇಕು. ಬಾನೆಟ್ ಮುಚ್ಚುವ ಮುನ್ನ ಒಮ್ಮೆ ಪೆಟ್ಟಿಗೆ ನೋಡಿದರೆ ಸಾಕು, ಎಂಜಿನ್ ಮೇಲೆ ಏನಾದರೂ ಉಳಿದಿದೆಯೇ ಎಂದು ಗೊತ್ತಾಗಬೇಕು. ಬೆಲ್ಟಿನ ಹತ್ತಿರವೋ ಫ್ಯಾನಿನ ಹತ್ತಿರವೋ ಮರೆತ ಒಂದು ಸಾಕೆಟ್ ಎಂಥ ಅನಾಹುತ ಮಾಡೀತು, ನೀನೇ ಊಹಿಸು. ಅದರಲ್ಲೂ 10 ಮಿಲಿಮೀಟರಿನ ಸಾಕೆಟ್! ಅದು ಕಳೆದುಹೋಗುವ ಬಗ್ಗೆ ಮೆಕ್ಯಾನಿಕ್‌ಗಳು ಎಲ್ಲೆಲ್ಲೂ ನಗೆಯಾಡುತ್ತಾರೆ. ಕಾರಣ ಸರಳ. 6 ಮಿಲಿಮೀಟರ್ ದಪ್ಪದ ಬೋಲ್ಟಿನ ತಲೆ ಸಾಮಾನ್ಯವಾಗಿ 10 ಮಿಲಿಮೀಟರ್ ಅಗಲ. ವಾಹನದಲ್ಲಿ ಅಂಥ ಬೋಲ್ಟುಗಳಿಗೆ ಬರವಿಲ್ಲ. ಆದ್ದರಿಂದ ಅತಿ ಹೆಚ್ಚು ಸಲ ಕೈಗೆ ಬರುವುದೂ ಅದೇ, ಜಾರಿ ಸಂದಿಗೆ ಸೇರುವಷ್ಟು ಚಿಕ್ಕದೂ ಅದೇ.

ಈಗ ಭಾವನ ಒಂದೇ ಸಾಲು ಯಾಕೆ ಬೇಡ ಎಂದು ಹೇಳುತ್ತೇನೆ. ರ‍್ಯಾಚೆಟ್ ಹಿಡಿಯ ತುದಿಯಲ್ಲಿ ಸಾಕೆಟ್ ಸಿಕ್ಕಿಸುವ ಚೌಕದ ಗೂಟ ಇರುತ್ತದೆಯಲ್ಲ, ಅದನ್ನೇ ಡ್ರೈವ್ ಎನ್ನುವುದು. ನಿನ್ನ ಚಿತ್ರದಲ್ಲಿ ಕಾಲು ಇಂಚಿನದು, 3/8 ಇಂಚಿನದು, ಅರ್ಧ ಇಂಚಿನದು ಮೂರೂ ಕಾಣುತ್ತಿವೆ. 13ರ ಸಾಕೆಟ್ ಈ ಮೂರರಲ್ಲೂ ಬರುತ್ತದೆ. ಒಂದೇ ಸಾಲು ಮಾಡಿದರೆ ಮೂರು 13 ಅಕ್ಕಪಕ್ಕ ಕುಳಿತುಕೊಳ್ಳುತ್ತವೆ. ಒಂದು ಕಾಣೆಯಾದರೆ ನಿನಗೆ ತಿಳಿಯುವುದೇ ಇಲ್ಲ. ಕೈಗೆ ಸಿಕ್ಕ 13 ನೀನು ಹಿಡಿದಿರುವ ರ‍್ಯಾಚೆಟ್‌ಗೆ ಕೂರುವುದೂ ಇಲ್ಲ. ಆದ್ದರಿಂದ ಮೊದಲು ಡ್ರೈವ್ ಪ್ರಕಾರ ಬೇರೆ ಮಾಡು, ಆಮೇಲೆ ಅಳತೆ. ಪ್ರತಿ ಗುಂಪಿನ ಜೊತೆಯಲ್ಲೇ ಅದರ ರ‍್ಯಾಚೆಟ್, ಅದರ ಎಕ್ಸ್‌ಟೆನ್ಷನ್ ಸರಳುಗಳು, ಓರೆಯಾಗಿ ತಿರುಗಿಸಲು ಬರುವ ಅದರ ಯೂನಿವರ್ಸಲ್ ಜಾಯಿಂಟ್ ಇರಲಿ. ಎಲ್ಲ ರ‍್ಯಾಚೆಟ್‌ಗಳನ್ನು ಒಂದು ಡ್ರಾಯರಿನಲ್ಲಿ, ಎಲ್ಲ ಸಾಕೆಟ್‌ಗಳನ್ನು ಇನ್ನೊಂದರಲ್ಲಿ ಇಟ್ಟರೆ ನೋಡಲು ಚೆಂದವೇ. ಆದರೆ ಪ್ರತಿ ಕೆಲಸಕ್ಕೂ ಎರಡು ಡ್ರಾಯರ್ ಎಳೆಯಬೇಕು. ಡೀಪ್, ಅಂದರೆ ಉದ್ದನೆಯ ಸಾಕೆಟ್‌ಗಳು ಗಿಡ್ಡ ಸಾಕೆಟ್‌ಗಳ ಹಿಂದಿನ ಸಾಲಿನಲ್ಲಿ, ಅದೇ ಅಳತೆ ಅದೇ ನೇರಕ್ಕೆ ಬರುವಂತೆ ಇರಲಿ.

ಇಂಚಿನ ಸಾಕೆಟ್‌ಗಳನ್ನು ಬಿಸಾಡಲೇ ಎಂದು ಕೇಳಿದ್ದೆ. ಬೇಡ, ಹಳೆಯ ಯಂತ್ರಕ್ಕೆ ಎಂದಾದರೂ ಬೇಕಾಗುತ್ತವೆ. ಆದರೆ ಮಿಲಿಮೀಟರಿನವುಗಳ ನಡುವೆ ಒಂದೂ ಸುಳಿಯಬಾರದು. 3/4 ಇಂಚು ಎಂದರೆ 19.05 ಮಿಲಿಮೀಟರ್, 19ರ ತಲೆಯ ಬೋಲ್ಟಿಗೆ ಅದು ಕುಳಿತುಬಿಡುತ್ತದೆ. ಅದನ್ನು ನೋಡಿ, ಎಲ್ಲವೂ ಹಾಗೆಯೇ ನಡೆಯುತ್ತವೆ ಎಂದು ಧೈರ್ಯ ಮಾಡುತ್ತೇವೆ. 9/16 ಇಂಚು 14.29 ಮಿಲಿಮೀಟರ್. 14ರ ತಲೆಯ ಬೋಲ್ಟಿನ ಮೇಲೆ ಅದೂ ಕೂರುತ್ತದೆ, ಸಡಿಲವಾಗಿ. ಬೋಲ್ಟ್ ಬಿಗಿಯಾಗಿದ್ದರೆ ಜಾರಿ ಮೂಲೆಗಳನ್ನು ತಿಂದುಹಾಕುತ್ತದೆ. ಮೂಲೆ ಸವೆದು ಉರುಟಾದ ಬೋಲ್ಟ್ ಬಿಚ್ಚುವ ಪಾಡು ಶತ್ರುವಿಗೂ ಬೇಡ. ಇಂಚಿನವು ಇನ್ನೊಂದು ಡ್ರಾಯರಿಗೆ ಹೋಗಲಿ, ಅವಕ್ಕೆ ಒಂದು ಬಣ್ಣದ ಪಟ್ಟಿ ಅಂಟಿಸು.

ಬಣ್ಣ ಎಂದ ಕೂಡಲೇ ನೆನಪಾಯಿತು, ಸಾಕೆಟ್ ಮೇಲೆ ಕೊರೆದಿರುವ ಅಂಕಿ ಮಂದ ಬೆಳಕಿನಲ್ಲಿ ಕಾಣುವುದಿಲ್ಲ ಎಂದು ಗೊಣಗುತ್ತಿದ್ದೆಯಲ್ಲ? ಮೊದಲು ಎಣ್ಣೆಯ ಜಿಡ್ಡು ಹೋಗುವಂತೆ ಒರೆಸು. ಅಂಕಿಯ ಮೇಲೆ ಬಿಳಿ ಬಣ್ಣ ಸವರಿ, ಆರುವ ಮುಂಚೆ ಮೇಲ್ಮೈಯನ್ನು ಬಟ್ಟೆಯಿಂದ ಒರೆಸಿಬಿಡು. ಕೊರೆದ ಗೆರೆಯೊಳಗೆ ಮಾತ್ರ ಬಣ್ಣ ಉಳಿದು ಅಂಕಿ ಎದ್ದು ಕಾಣುತ್ತದೆ. ಈ ಕೆಲಸವನ್ನು ಪುಟ್ಟಿಗೆ ವಹಿಸು, ಅವಳಿಗೆ ಖುಷಿ, ನಿನಗೆ ಸಮಯ ಉಳಿತಾಯ.

ಇನ್ನು ಸಾಕೆಟ್‌ಗಳನ್ನು ಯಾವುದರಲ್ಲಿ ನಿಲ್ಲಿಸುವುದು? ಅಂಗಡಿಯಲ್ಲಿ ಬಗೆಬಗೆಯ ಪಟ್ಟಿ, ತಟ್ಟೆಗಳು ಸಿಗುತ್ತವೆ. ಕ್ಲಿಪ್ ಇರುವ ಲೋಹದ ಪಟ್ಟಿ ಕೆಟ್ಟದ್ದೇನಲ್ಲ, ಪಟ್ಟಿ ಸಮೇತ ಎತ್ತಿಕೊಂಡು ವಾಹನದ ಹತ್ತಿರ ಹೋಗಬಹುದು. ಆದರೆ ಕ್ಲಿಪ್ ಅತ್ತಿತ್ತ ಜಾರುತ್ತದೆ, ಬಿಟ್ಟ ಜಾಗ ತಾನೇ ಮುಚ್ಚಿಹೋಗುತ್ತದೆ. ಸಡಿಲಾದ ಕ್ಲಿಪ್ಪಿನಿಂದ ಸಾಕೆಟ್ ಉದುರುತ್ತದೆ ಬೇರೆ. ಅಯಸ್ಕಾಂತದ ಪಟ್ಟಿ ನನಗೆ ಇಷ್ಟವಿಲ್ಲ. ಯಾವ ಸಾಕೆಟ್ ಎಲ್ಲಿ ಬೇಕಾದರೂ ಅಂಟಿಕೊಳ್ಳುತ್ತದೆ, ಜೊತೆಗೆ ಗ್ಯಾರೇಜಿನ ಕಬ್ಬಿಣದ ಪುಡಿಯನ್ನೆಲ್ಲ ಎಳೆದುಕೊಳ್ಳುತ್ತದೆ. ಕೇಳಿದರೆ ನಾನು ಹೇಳುವುದು, ಗೂಟಗಳಿರುವ ತಟ್ಟೆ. ಪ್ರತಿ ಗೂಟದ ಪಕ್ಕ ಅಂಕಿ ಅಚ್ಚಾಗಿರುತ್ತದೆ. 12 ಎಂದು ಬರೆದ ಗೂಟ ಬರಿದಾಗಿದ್ದರೆ 12ರದು ಹೊರಗಿದೆ ಎಂದೇ ಅರ್ಥ. ಕೊಳ್ಳುವ ಮೊದಲು ಡ್ರಾಯರಿನ ಒಳ ಎತ್ತರ ಅಳೆದುಕೋ. ಡೀಪ್ ಸಾಕೆಟ್ ನಿಲ್ಲಿಸಿದರೆ ಮೇಲಿನ ಡ್ರಾಯರಿಗೆ ತಗುಲಬಹುದು. ಹಾಗಿದ್ದರೆ ಅವನ್ನು ಮಲಗಿಸಲೇಬೇಕು.

ಚಿಕ್ಕಪ್ಪಾ, ನಿಮ್ಮ ಫೋಮ್ ವಿಷಯಕ್ಕೆ ಬಂದೆ. ಖಾಲಿ ಜಾಗ ತೋರಿಸುವುದರಲ್ಲಿ ಎರಡು ಬಣ್ಣದ ಫೋಮ್‌ಗೆ ಸಾಟಿಯಿಲ್ಲ, ಮೇಲೆ ಕಪ್ಪು, ಕೆಳಗೆ ಹಳದಿಯೋ ಕೆಂಪೋ. ವಿಮಾನ ದುರಸ್ತಿ ಮಾಡುವವರು ಇದನ್ನೇ ಬಳಸುತ್ತಾರೆ, ಎಂಜಿನ್ ಒಳಗೆ ಒಂದು ಉಪಕರಣವೂ ಉಳಿಯಬಾರದಲ್ಲ. ಆದರೆ ನಮ್ಮವನ ಸಂಗ್ರಹ ಇನ್ನೂ ಬೆಳೆಯುತ್ತಿದೆ. ಇಂದು ಅಳತೆಗೆ ಸರಿಯಾಗಿ ಕತ್ತರಿಸಿದ ಫೋಮ್, ನಾಳೆ ಒಂದು ಹೊಸ ಇಕ್ಕಳ ಬಂದರೆ ಹಾಳು. ಆದ್ದರಿಂದ ಬೆಳೆಯದ ಸೆಟ್‌ಗಳಿಗೆ ಮಾತ್ರ ಫೋಮ್ ಇರಲಿ. 8ರಿಂದ 19ರವರೆಗಿನ ಕಾಂಬಿನೇಷನ್ ಸ್ಪ್ಯಾನರ್‌ಗಳಿಗೆ ಒಂದು, ವರ್ನಿಯರ್ ಮತ್ತು ಫೀಲರ್ ಗೇಜ್‌ನಂಥ ಅಳತೆಯ ಸಾಮಾನುಗಳಿಗೆ ಒಂದು. ನೀರು ಹೀರುವ ಸ್ಪಂಜಿನಂಥ ಫೋಮ್ ಬೇಡವೇ ಬೇಡ, ಅದು ತೇವ ಹಿಡಿದಿಟ್ಟು ಉಕ್ಕನ್ನು ತಿನ್ನುತ್ತದೆ. ಉಳಿದ ಡ್ರಾಯರುಗಳಿಗೆ ಜಾರದ ರಬ್ಬರ್ ಹಾಸು ಸಾಕು.

ಕೈ ಉಪಕರಣಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಇಕ್ಕಳಗಳನ್ನು ಹಿಡಿ ಮೇಲಾಗಿ ನಿಲ್ಲಿಸು, ಮಲಗಿಸಿದರೆ ಒಂದರ ಕಾಲು ಇನ್ನೊಂದಕ್ಕೆ ಸಿಕ್ಕಿಕೊಳ್ಳುತ್ತದೆ. ಸ್ಕ್ರೂಡ್ರೈವರ್‌ಗಳಲ್ಲಿ ಫಿಲಿಪ್ಸ್ ಮತ್ತು ಪೋಜಿಡ್ರೈವ್ ಎಂಬ ಎರಡು ಬಗೆಯ ಪ್ಲಸ್ ತುದಿಗಳು ಒಂದೇ ಥರ ಕಾಣುತ್ತವೆ, ಬೇರೆ ಬೇರೆ ಇಡು, ಬೆರೆತರೆ ಸ್ಕ್ರೂ ತಲೆ ಹಾಳು. ಅರಗಳು ಒಂದಕ್ಕೊಂದು ತಾಗಬಾರದು, ಹಲ್ಲು ಮೊಂಡಾಗುತ್ತದೆ. ಎಲ್-ಕೀಗಳು ಅವುಗಳ ಹಿಡಿಕೆಯಲ್ಲಿಯೇ ಇರಲಿ. ಸುತ್ತಿಗೆಯ ಕಾವು ಅಲುಗಾಡುತ್ತಿದ್ದರೆ, ಉಳಿಯ ತಲೆ ಹೊಡೆತಕ್ಕೆ ಅಗಲವಾಗಿ ಅಂಚು ಸೀಳಿದ್ದರೆ, ಅವನ್ನು ಪೆಟ್ಟಿಗೆಗೆ ಸೇರಿಸಲೇಬೇಡ. ಸೀಳಿದ ಚೂರು ಹಾರಿದರೆ ನೇರ ಕಣ್ಣಿಗೆ. ಉಳಿಯ ತಲೆಯನ್ನು ಉಜ್ಜಿ ಸರಿಮಾಡಿ, ಸುತ್ತಿಗೆಗೆ ಹೊಸ ಕಾವು ಹಾಕಿ, ಆಮೇಲೆ ಒಳಗಿಡು.

ಬೋಲ್ಟನ್ನು ಇಷ್ಟೇ ಬಲಕ್ಕೆ ಎಂದು ಅಳೆದು ಬಿಗಿಸುವ ಟಾರ್ಕ್ ರೆಂಚ್ ಮಾತ್ರ ಅದರದೇ ಡಬ್ಬಿಯಲ್ಲಿ, ಒಬ್ಬಂಟಿಯಾಗಿ. ಕ್ಲಿಕ್ ಎನ್ನುವ ಬಗೆಯದಾದರೆ ಕೆಲಸ ಮುಗಿದ ಮೇಲೆ ಅಳತೆಪಟ್ಟಿಯ ಅತಿ ಕಡಿಮೆ ಗುರುತಿಗೆ ತಂದಿಡು, ಅದಕ್ಕಿಂತ ಕೆಳಕ್ಕೆ ತಿರುಗಿಸಬೇಡ. ಕೆಲಸಕ್ಕೆ ಇಟ್ಟಿದ್ದ ಅಳತೆಯಲ್ಲೇ ಬಿಟ್ಟರೆ ಒಳಗಿನ ಸ್ಪ್ರಿಂಗ್ ಬಿಗಿತದಲ್ಲಿಯೇ ಕುಳಿತು ಅಳತೆ ಕೆಡುತ್ತದೆ. ಅದರಲ್ಲಿ ಬೋಲ್ಟ್ ಬಿಚ್ಚುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ, ಬಿಚ್ಚಲು ಉದ್ದದ ಬ್ರೇಕರ್ ಬಾರ್ ಇದೆ. ಕಪ್ಪು ಬಣ್ಣದ, ದಪ್ಪ ಗೋಡೆಯ ಇಂಪ್ಯಾಕ್ಟ್ ಸಾಕೆಟ್‌ಗಳೂ ಬೇರೆ ಡ್ರಾಯರಿನಲ್ಲಿ. ಹೊಳೆಯುವ ಕ್ರೋಮ್ ಸಾಕೆಟ್ಟನ್ನು ಅವಸರದಲ್ಲಿ, ಹೊಡೆತ ಕೊಡುತ್ತಾ ತಿರುಗಿಸುವ ಇಂಪ್ಯಾಕ್ಟ್ ಗನ್ನಿಗೆ ಹಾಕಿದರೆ ಒಡೆದು ಸಿಡಿಯಬಹುದು. ಎರಡೂ ಒಂದೇ ಕಡೆ ಇದ್ದರೆ ಆ ಅವಸರ ಎಂದಾದರೂ ಬಂದೇ ಬರುತ್ತದೆ.

ಭಾರವಾದವೆಲ್ಲ ಕೆಳಗಿನ ಡ್ರಾಯರಿಗೆ. ನಿನ್ನದು ಚಕ್ರದ ಪೆಟ್ಟಿಗೆ ತಾನೇ? ಚಕ್ರದ ಬ್ರೇಕ್ ಹಾಕಿಡು, ತುಂಬಿದ ಡ್ರಾಯರುಗಳನ್ನು ಒಟ್ಟಿಗೆ ಎಳೆಯಬೇಡ, ಇಡೀ ಪೆಟ್ಟಿಗೆ ಮುಂದಕ್ಕೆ ವಾಲುತ್ತದೆ. ಪುಟ್ಟಿ ಹತ್ತಿರ ಸುಳಿಯುವಳಾದ್ದರಿಂದ ಬೀಗವನ್ನೂ ಹಾಕು.

ತುಕ್ಕಿನ ಬಗ್ಗೆ ಒಂದೇ ಮಾತು, ಆದರೆ ಗಟ್ಟಿಯಾಗಿ ಹೇಳುತ್ತೇನೆ. ಚಿತ್ರದ ಮೂಲೆಯಲ್ಲಿ ಆ್ಯಸಿಡ್ ಬಾಟಲಿ ಕಾಣುತ್ತಿದೆ, ಇವತ್ತೇ ಅದನ್ನು ಹೊರಗೆ ಹಾಕು. ನೆಲ ತೊಳೆಯುವ ಆ ಹೈಡ್ರೋಕ್ಲೋರಿಕ್ ಆಮ್ಲದ ಹಬೆ, ಮುಚ್ಚಳ ಸ್ವಲ್ಪ ಸಡಿಲಿದ್ದರೂ, ಸುತ್ತಲಿನ ಉಕ್ಕಿಗೆಲ್ಲ ತುಕ್ಕು ಹಿಡಿಸುತ್ತದೆ. ಎಣ್ಣೆ ಒರೆಸಿ, ಸಿಲಿಕಾ ಜೆಲ್ ಪೊಟ್ಟಣ ಇಟ್ಟು ಏನು ಪ್ರಯೋಜನ, ಪಕ್ಕದಲ್ಲೇ ಅದು ಕುಳಿತಿದ್ದರೆ? ಕಪ್ಪು ಸಾಕೆಟ್‌ಗಳ ಮೇಲೆ ಕ್ರೋಮ್ ಇಲ್ಲ, ಅವಕ್ಕೆ ತೆಳುವಾಗಿ ಎಣ್ಣೆ ಒರೆಸುವುದನ್ನು ಮರೆಯಬೇಡ.

ಕೊನೆಗೆ, ಕೇಳಿ ಒಯ್ಯುವವರ ವಿಷಯ. ಉಗ್ರಾಣದಲ್ಲಿ ಪ್ರತಿ ಕೆಲಸಗಾರನಿಗೂ ಅವನ ಸಂಖ್ಯೆ ಕೊರೆದ ಹಿತ್ತಾಳೆ ಬಿಲ್ಲೆ ಇರುತ್ತಿತ್ತು. ಉಪಕರಣ ಕೊಟ್ಟಾಗ ಅದರ ಕೊಕ್ಕೆಗೆ ಬಿಲ್ಲೆ ನೇತುಹಾಕುತ್ತಿದ್ದೆವು, ವಾಪಸು ಬಂದಾಗ ಬಿಲ್ಲೆ ಹಿಂದಕ್ಕೆ. ನಿನಗೆ ಹಿತ್ತಾಳೆ ಬೇಡ, ಹೆಸರು, ತಾರೀಖು ಬರೆದ ಚೀಟಿಯನ್ನು ಆ ಖಾಲಿ ಜಾಗದಲ್ಲಿ ಇಟ್ಟರೆ ಆಯಿತು. ಪೈಪ್ ರೆಂಚ್ ಹುಡುಕಬೇಡ, ಅದು ನಮ್ಮ ಮನೆಯಲ್ಲಿದೆ. ಮೊದಲ ಚೀಟಿ ನನ್ನ ಹೆಸರಿನಲ್ಲೇ ಬರೆ, ಭಾನುವಾರ ತಂದುಕೊಡುತ್ತೇನೆ.