ಹಡಗಿನಲ್ಲಿ ಸೋಪು, ಪೇಸ್ಟ್, ಪ್ಯಾಡ್ ಸಿಗುತ್ತಾ?

ಪ್ರಶ್ನೆ: ಡಿಸೆಂಬರಿನಲ್ಲಿ ಅಮ್ಮನ ಜೊತೆ ಸಿಂಗಾಪುರದಿಂದ ಪೆನಾಂಗ್, ಫುಕೆಟ್‌ಗೆ ಕ್ರೂಸ್ ಹೊರಟಿದ್ದೇನೆ. ನಾಲ್ಕು ರಾತ್ರಿ. ಸೋಪು, ಪೇಸ್ಟ್ ಎಲ್ಲ ಅಲ್ಲೇ ಕೊಡುತ್ತಾರಾ? ಸುಮ್ನೆ ಬ್ಯಾಗ್ ಯಾಕೆ ಭಾರ ಮಾಡಿಕೊಳ್ಳುವುದು ಅಂತ.

ಉತ್ತರ: ದಯವಿಟ್ಟು ತೆಗೆದುಕೊಂಡೇ ಹೋಗಿ. ಹೋದ ವರ್ಷ ನಾವೂ ಇದೇ ದಾರಿಯಲ್ಲಿ ಹೋಗಿದ್ದೆವು. ಸ್ನಾನದ ಮೂಲೆಯಲ್ಲಿ ಗೋಡೆಗೆ ಒಂದು ಡಬ್ಬಿ, ಒತ್ತಿದರೆ ಹಸಿರು ಶಾಂಪೂ. ತಲೆಗೂ ಅದೇ, ಮೈಗೂ ಅದೇ. ಬ್ರಷ್, ಪೇಸ್ಟ್, ಬಾಚಣಿಗೆ ಏನೂ ಇರಲಿಲ್ಲ. ಎರಡನೇ ದಿನ ತಂಗಿಗೆ ಮುಟ್ಟಾಯಿತು. ಹಡಗು ಬಂದರಿನಲ್ಲಿ ನಿಂತಿತ್ತು. ಆಗ ಸುಂಕದ ನಿಯಮಕ್ಕಾಗಿ ಒಳಗಿನ ಅಂಗಡಿಗಳ ಶಟರ್ ಎಳೆದಿರುತ್ತಾರೆ. ರಿಸೆಪ್ಷನ್‌ನಲ್ಲಿ ಇಪ್ಪತ್ತು ನಿಮಿಷ ಕಾದ ಮೇಲೆ ಎರಡೇ ಎರಡು ಪ್ಯಾಡ್ ಕೊಟ್ಟರು. ಅವಳು ಬಾತ್‌ರೂಮ್ ಬಾಗಿಲ ಹಿಂದೆ ಅಳುತ್ತಿದ್ದದ್ದು ನೆನೆದರೆ ಈಗಲೂ ಸಂಕಟವಾಗುತ್ತದೆ. ಸಾವಿರಾರು ಜನರನ್ನು ಕರೆದುಕೊಂಡು ಹೋಗುವವರು ಒಂದು ಪೆಟ್ಟಿಗೆ ಪ್ಯಾಡ್ ಇಡಬೇಕು ಅಲ್ವಾ?

ಉತ್ತರ: ಜಾಸ್ತಿ ಹಡಗುಗಳಲ್ಲಿ ಟಾಯ್ಲೆಟ್ ಪಕ್ಕ ನೀರಿನ ಪೈಪೂ ಇರುವುದಿಲ್ಲ, ಪೇಪರ್ ಮಾತ್ರ. ಅಮ್ಮನಿಗೆ ಒಂದು ಮಗ್ ಇಟ್ಟುಕೊಳ್ಳಿ. ಪ್ಯಾಡ್, ವೆಟ್ ವೈಪ್ಸ್ ಮಾತ್ರ ಟಾಯ್ಲೆಟ್‌ಗೆ ಹಾಕಬೇಡಿ. ಅದು ಗಾಳಿಯ ಎಳೆತದಿಂದ ಕೆಲಸ ಮಾಡುವ ಪೈಪು. ಒಂದು ಕಡೆ ಕಟ್ಟಿಕೊಂಡರೆ ಅಕ್ಕಪಕ್ಕದ ಕ್ಯಾಬಿನ್‌ಗಳಿಗೂ ತೊಂದರೆ.

ಉತ್ತರ: ಸೋಪು ಮರೆಯಬೇಡಿ. ವಾಂತಿ ಭೇದಿ ತರುವ ನೊರೊವೈರಸ್‌ಗೆ ಸ್ಯಾನಿಟೈಜರ್ ಸಾಲದು. ಊಟಕ್ಕೆ ಮೊದಲು ಸೋಪು ಹಚ್ಚಿ 20 ಸೆಕೆಂಡ್ ಕೈ ಉಜ್ಜಿ ತೊಳೆಯಬೇಕು.

ಪ್ರಶ್ನೆ ಕೇಳಿದವಳು: ತುಂಬಾ ಥ್ಯಾಂಕ್ಸ್. ಮಗ್, ಎರಡು ಪ್ಯಾಕ್ ಪ್ಯಾಡ್, ಅಮ್ಮನ ಮೈಸೂರು ಸ್ಯಾಂಡಲ್ ಸೋಪು, ಎಲ್ಲ ಬರೆದುಕೊಂಡೆ. ನಿಮ್ಮ ತಂಗಿಗೆ ನನ್ನ ಪ್ರೀತಿ ತಿಳಿಸಿ.