ಕಾಫಿ ಹೊಟ್ಟಿನಿಂದ ಜಿಂಕ್ ಆಕ್ಸೈಡ್ ಮಾಡಿದೆ, ಗಾತ್ರ 0.42 ನ್ಯಾನೊಮೀಟರ್ ಅಂತ ಬರುತ್ತಿದೆ. ಎಲ್ಲಿ ತಪ್ಪಿದ್ದೇನೆ?

ಮೂಡಿಗೆರೆ_ಎಂಎಸ್ಸಿ

ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ ಎಂಎಸ್ಸಿ ಕೆಮಿಸ್ಟ್ರಿ ಕೊನೆಯ ವರ್ಷ ಓದುತ್ತಿದ್ದೇನೆ, ಊರು ಮೂಡಿಗೆರೆ ಹತ್ತಿರ. ನಮ್ಮೂರ ಕಡೆ ಒಣಗಿದ ಕಾಫಿ ಹಣ್ಣನ್ನು ಹಲ್ಲರ್ ಮಾಡಿಸಿ ಸಿಪ್ಪೆ ಬಿಡಿಸಿದ ಮೇಲೆ ಚೆರ್ರಿ ಹೊಟ್ಟು ರಾಶಿ ರಾಶಿ ಬಿದ್ದಿರುತ್ತದೆ, ಅದನ್ನೇ ಪ್ರಾಜೆಕ್ಟ್‌ಗೆ ಬಳಸೋಣ ಅಂತ ಹೊರಟೆ.

ಮಾಡಿದ್ದು ಇಷ್ಟು. 10 ಗ್ರಾಂ ಹೊಟ್ಟನ್ನು 100 ಎಂಎಲ್ ನೀರಿನಲ್ಲಿ ಅರ್ಧ ಗಂಟೆ ಕುದಿಸಿ ಸೋಸಿದೆ. ಡಿಕಾಕ್ಷನ್ ತರಹದ ಕಂದು ಕಷಾಯ ಬಂತು. ಅದರಲ್ಲಿ 20 ಎಂಎಲ್ ತೆಗೆದುಕೊಂಡು 6 ಗ್ರಾಂ ಜಿಂಕ್ ನೈಟ್ರೇಟ್ ಹೆಕ್ಸಾಹೈಡ್ರೇಟ್ ಕರಗಿಸಿ, ಮೊದಲೇ 400 ಡಿಗ್ರಿಗೆ ಕಾಯಿಸಿದ್ದ ಮಫಲ್ ಫರ್ನೇಸ್‌ನಲ್ಲಿಟ್ಟೆ. ಕುದಿಯಿತು, ನೊರೆ ಬಂತು, ಒಂದು ಮೂಲೆಯಲ್ಲಿ ಕಿಡಿ ಹತ್ತಿ ಕೆಲವೇ ಸೆಕೆಂಡಿನಲ್ಲಿ ಇಡೀ ಬಟ್ಟಲಿಗೆ ಹರಡಿ ಉಬ್ಬಿಕೊಂಡಿತು. ಸಿಕ್ಕಿದ್ದು 1.9 ಗ್ರಾಂ ಬೂದು ಬಣ್ಣದ ಹಗುರ ಪುಡಿ.

ಎಕ್ಸ್‌ಆರ್‌ಡಿಯಲ್ಲಿ (ಎಕ್ಸ್-ರೇ ಹಾಯಿಸಿ ಯಾವ ಹರಳು ಅಂತ ಗುರುತಿಸುವ ಪರೀಕ್ಷೆ) 31.8, 34.4, 36.3 ಡಿಗ್ರಿಗೆ ಪೀಕ್‌ಗಳು ಇವೆ, ಜಿಂಕ್ ಆಕ್ಸೈಡ್‌ಗೆ ಸರಿಯಾಗಿ ಹೊಂದುತ್ತವೆ. ಆದರೆ 28.3 ಮತ್ತು 40.5ರ ಹತ್ತಿರ ಇನ್ನೆರಡು ಸಣ್ಣ ಪೀಕ್ ಇವೆ, ಅವು ಯಾರವು ಅಂತ ಗೊತ್ತಾಗುತ್ತಿಲ್ಲ. 36.25ರ ಪೀಕ್‌ನ ಅರ್ಧ ಎತ್ತರದಲ್ಲಿ ಅಗಲ 0.35 ಡಿಗ್ರಿ. ಪೀಕ್‌ನ ಅಗಲದಿಂದ ಹರಳಿನ ಗಾತ್ರ ಹೇಳುವ ಷೆರರ್ ಸೂತ್ರಕ್ಕೆ ಹಾಕಿದರೆ 0.42 ನ್ಯಾನೊಮೀಟರ್! ಸೆಮ್ (ಎಲೆಕ್ಟ್ರಾನ್ ಮೈಕ್ರೋಸ್ಕೋಪ್) ಚಿತ್ರದಲ್ಲಿ ನೋಡಿದರೆ 1-2 ಮೈಕ್ರಾನ್‌ನ, ತೂತು ತೂತಾದ ಗಡ್ಡೆಗಳು. ಎರಡರಲ್ಲಿ ಯಾವುದನ್ನು ನಂಬಲಿ? ಬೆಳಕಿನಲ್ಲಿ ಪುಡಿ ಬಣ್ಣ ಒಡೆಯುತ್ತದಾ ಅಂತ ನೋಡಲು ಹಾಕಿದ ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣ ಮಾತ್ರ ಬಿಸಿಲಲ್ಲಿ ಒಂದು ಗಂಟೆಗೆ 90 ಶೇಕಡಾ ಮಾಯವಾಯಿತು, ಗೈಡ್‌ಗೆ ಖುಷಿ. ನನಗೇ ಸಮಾಧಾನ ಇಲ್ಲ.

ಹೇಮಾವತಿ_ಲ್ಯಾಬ್

ತಂಗಿ, ಗಾತ್ರದ್ದು ಸುಲಭ. ಅಗಲವನ್ನು ಡಿಗ್ರಿಯಲ್ಲೇ ಹಾಕಿಬಿಟ್ಟಿದ್ದೀಯ, ರೇಡಿಯನ್‌ಗೆ ತಿರುಗಿಸಬೇಕು. 0.35 ಡಿಗ್ರಿ ಅಂದರೆ 0.0061 ರೇಡಿಯನ್. ಮೇಲೆ 0.9 ಗುಣಿಸು 1.5406, ಕೆಳಗೆ 0.0061 ಗುಣಿಸು ಕಾಸ್ 18.12. ಕೋನ ಅರ್ಧ ಮಾಡಿದ್ದು ನೋಡಿಕೋ, ಅಲ್ಲೂ ತುಂಬಾ ಜನ ಎಡವುತ್ತಾರೆ. ಸುಮಾರು 239 ಆಂಗ್‌ಸ್ಟ್ರಾಂ ಬರುತ್ತದೆ, ಅಂದರೆ 24 ನ್ಯಾನೊಮೀಟರ್. 0.42 ನೋಡಿದ ಕೂಡಲೇ ಅನುಮಾನ ಬರಬೇಕಿತ್ತು. ಜಿಂಕ್ ಆಕ್ಸೈಡ್‌ನ ಒಂದು ಯೂನಿಟ್ ಸೆಲ್‌ನ (ಹರಳಿನಲ್ಲಿ ಮತ್ತೆ ಮತ್ತೆ ಬರುವ ಅತಿ ಚಿಕ್ಕ ಘಟಕ) ಎತ್ತರವೇ 0.52 ನ್ಯಾನೊಮೀಟರ್. ಒಂದು ಸೆಲ್‌ಗಿಂತ ಚಿಕ್ಕ ಹರಳು ಇರಲು ಸಾಧ್ಯವೇ ಇಲ್ಲ, ಅಲ್ವಾ?

ಇನ್ನು ಸೆಮ್‌ಗೂ ಎಕ್ಸ್‌ಆರ್‌ಡಿಗೂ ಜಗಳ ಇಲ್ಲ, ಎರಡನ್ನೂ ನಂಬು. ಮಂಡಕ್ಕಿ ಉಂಡೆ ನೆನಪಿಸಿಕೋ. ಸೆಮ್ ನೋಡುವುದು ಉಂಡೆಯನ್ನು, ಷೆರರ್ ಹೇಳುವುದು ಒಳಗಿನ ಒಂದೊಂದು ಮಂಡಕ್ಕಿಯ ಅಳತೆ. ನೀನು ಮಾಡಿದ ಕಂಬಶ್ಚನ್‌ನಲ್ಲಿ (ಇಂಧನ ಸೇರಿಸಿ ಉರಿಸುವ ವಿಧಾನ) ಗ್ಯಾಸ್ ನುಗ್ಗಿ ಹೊರಗೆ ಬರುವುದರಿಂದ ಆ ತೂತುಗಳು. ರಿಪೋರ್ಟ್‌ನಲ್ಲಿ 'ಕಣದ ಗಾತ್ರ 24' ಅಂತ ಬರೆಯಬೇಡ, 'ಹರಳಿನ ಗಾತ್ರ' ಅಂತ ಬರೆ. ಯಂತ್ರವೂ ಪೀಕ್‌ಗೆ ಒಂದಿಷ್ಟು ಅಗಲ ಸೇರಿಸಿರುತ್ತದೆ. ಎಕ್ಸ್‌ಆರ್‌ಡಿ ಮಾಡಿಕೊಟ್ಟವರ ಹತ್ತಿರ ಸಿಲಿಕಾನ್ ಅಥವಾ ಲ್ಯಾಂಥನಂ ಹೆಕ್ಸಾಬೋರೈಡ್ ಸ್ಟ್ಯಾಂಡರ್ಡ್ ಡೇಟಾ ಕೇಳಿ ತೆಗೆದುಕೋ, ಅದನ್ನು ಕಳೆಯಬೇಕು.

ಚಿಕ್ಕಮಗಳೂರು_ಮೇಷ್ಟ್ರು

ನನ್ನ ಕಣ್ಣಿಗೆ ಬಿದ್ದಿದ್ದು ಆ 1.9 ಗ್ರಾಂ. 6 ಗ್ರಾಂ ಜಿಂಕ್ ನೈಟ್ರೇಟ್ ಹೆಕ್ಸಾಹೈಡ್ರೇಟ್‌ನಲ್ಲಿರುವ ಸತುವೆಲ್ಲ ಆಕ್ಸೈಡ್ ಆದರೂ 1.64 ಗ್ರಾಂ ಮಾತ್ರ ಸಿಗಬೇಕು. ನಿಮಗೆ ಕಾಲು ಗ್ರಾಂ ಜಾಸ್ತಿ ಬಂದಿದೆ. ಅದು ಎಲ್ಲಿಂದ ಬಂತು? ಶುದ್ಧ ಜಿಂಕ್ ಆಕ್ಸೈಡ್ ಬೆಳ್ಳಗಿರುತ್ತದೆ. ಬಿಸಿಯಲ್ಲಿ ಹಳದಿಯಾಗಿ ಆರಿದ ಮೇಲೆ ಮತ್ತೆ ಬಿಳಿಯಾಗುವುದು ಬೇರೆ ಮಾತು. ಬೂದು ಬಣ್ಣ ಅಂದರೆ ಪೂರ್ತಿ ಸುಡದ ಇಂಗಾಲ ಉಳಿದಿದೆ. ಆ 28.3, 40.5 ಜೋಡಿ ನೋಡಿದರೆ ಪೊಟ್ಯಾಸಿಯಂ ಕ್ಲೋರೈಡ್ ಮೇಲೆ ನನ್ನ ಅನುಮಾನ, ಅದರ ಎರಡು ದೊಡ್ಡ ಪೀಕ್‌ಗಳು ಅಲ್ಲೇ ಬರುತ್ತವೆ. ಕಾಫಿ ಹೊಟ್ಟಿನಲ್ಲಿ ಪೊಟ್ಯಾಸಿಯಂ ತುಂಬಾ ಇದೆ, ಕುದಿಸಿದಾಗ ಕಷಾಯಕ್ಕೆ ಇಳಿದೇ ಇಳಿಯುತ್ತದೆ. ಪುಡಿಯನ್ನು 500 ಡಿಗ್ರಿಯಲ್ಲಿ ಎರಡು-ಮೂರು ಗಂಟೆ ಸುಟ್ಟು, ಬಿಸಿ ಡಿಸ್ಟಿಲ್ಡ್ ನೀರಿನಲ್ಲಿ ಮೂರು ಸಲ ತೊಳೆದು, ಒಣಗಿಸಿ ಮತ್ತೆ ಎಕ್ಸ್‌ಆರ್‌ಡಿಗೆ ಕಳಿಸಿ. ಪೀಕ್ ಹೋದರೆ ಅದು ನೀರಲ್ಲಿ ಕರಗುವ ಉಪ್ಪೇ.

ಇನ್ನೊಂದು ಮಾತು, ಇದು ನನಗೆ ಮುಖ್ಯ. ಈ ಕಂಬಶ್ಚನ್ ವಿಧಾನ ಬೆಳೆದದ್ದೇ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಪ್ರೊಫೆಸರ್ ಕೆ.ಸಿ. ಪಾಟೀಲ್ ಅವರ ಲ್ಯಾಬ್‌ನಲ್ಲಿ. ಅಲ್ಯೂಮಿನಿಯಂ ನೈಟ್ರೇಟ್ ಮತ್ತು ಯೂರಿಯಾದಿಂದ ಕೆಲವೇ ನಿಮಿಷದಲ್ಲಿ ಅಲ್ಯೂಮಿನಾ ಮಾಡಿದ ಅವರ ಪ್ರಬಂಧ 1988ರದ್ದು. ಅದರ ಜೀವಾಳ ಇಂಧನದ ಲೆಕ್ಕ. ಜಿಂಕ್ ನೈಟ್ರೇಟ್‌ನ ವೇಲೆನ್ಸಿ ಮೊತ್ತ ಮೈನಸ್ 10, ಇಂಧನವಾದ ಯೂರಿಯಾದ್ದು ಪ್ಲಸ್ 6, ಎರಡೂ ಸೇರಿ ಸೊನ್ನೆ ಆಗಬೇಕು, ಹಾಗಾಗಿ ಒಂದು ಮೋಲ್‌ಗೆ 1.67 ಮೋಲ್ ಯೂರಿಯಾ. ನಿಮ್ಮ ಕಷಾಯದಲ್ಲಿ ಸಕ್ಕರೆ ಎಷ್ಟು, ಟ್ಯಾನಿನ್ ಎಷ್ಟು ಯಾರಿಗೆ ಗೊತ್ತು? ಲೆಕ್ಕವಿಲ್ಲದ ಇಂಧನ ಅದು. ಆದ್ದರಿಂದ 6 ಗ್ರಾಂ ನೈಟ್ರೇಟ್‌ಗೆ 2.02 ಗ್ರಾಂ ಯೂರಿಯಾ ಹಾಕಿ ಇನ್ನೊಂದು ಸ್ಯಾಂಪಲ್ ಮಾಡಿ ಪಕ್ಕದಲ್ಲಿಡಿ. ಹೊಟ್ಟಿನಿಂದ ನಿಜವಾಗಿ ಏನು ಬದಲಾಯಿತು ಅಂತ ಆಗ ಹೇಳಬಹುದು. ಫರ್ನೇಸ್ ಫ್ಯೂಮ್ ಹುಡ್ ಪಕ್ಕದಲ್ಲೇ ಇರಲಿ, ಕಂದು ಹೊಗೆ ಕುಡಿಯಬೇಡಿ. ಪ್ರಮಾಣ ಮಾತ್ರ ದೊಡ್ಡದು ಮಾಡಲೇಬೇಡಿ, ನೈಟ್ರೇಟ್ ಜೊತೆ ಆಟ ಬೇಡ.

ಹೇಮಾವತಿ_ಲ್ಯಾಬ್

ಮೇಷ್ಟ್ರು ಇಂಗಾಲ ಅಂದ ಮೇಲೆ ಬಣ್ಣದ ಪರೀಕ್ಷೆ ನನಗೆ ಕಾಡುತ್ತಿದೆ. ತಂಗಿ, ಪರೀಕ್ಷೆ ಮುಗಿದ ಮೇಲೆ ಕೆಳಗೆ ಕೂತ ಪುಡಿ ಯಾವ ಬಣ್ಣ ಇತ್ತು? ಕತ್ತಲಲ್ಲಿ ಇಟ್ಟು ನೋಡಿದೆಯಾ?

ಮೂಡಿಗೆರೆ_ಎಂಎಸ್ಸಿ

ಕತ್ತಲಲ್ಲಿ ಮಾಡಿಲ್ಲ ಅಕ್ಕ. ಈಗಷ್ಟೇ ಲ್ಯಾಬ್‌ಗೆ ಹೋಗಿ ಸೆಂಟ್ರಿಫ್ಯೂಜ್ ಟ್ಯೂಬ್ ತೆಗೆದು ನೋಡಿದೆ, ತಳದಲ್ಲಿ ಪುಡಿ ಕಡು ನೀಲಿಯಾಗಿದೆ. ಮೇಲಿನ ನೀರು ಮಾತ್ರ ತಿಳಿ.

ಹೇಮಾವತಿ_ಲ್ಯಾಬ್

ಹಾಗಾದರೆ ಬಣ್ಣ ಪೂರ್ತಿ ಒಡೆದಿಲ್ಲ, ಬಹಳಷ್ಟು ಪುಡಿಗೆ ಅಂಟಿಕೊಂಡಿದೆ. ಇಂಗಾಲ ಮಾಡುವ ಕೆಲಸವೇ ಅದು. ಸುಮ್ನೆ 90 ಶೇಕಡಾ 'ಒಡೆಯಿತು' ಅಂತ ಬರೆದರೆ ವೈವಾದಲ್ಲಿ ಮೊದಲ ಪ್ರಶ್ನೆಗೇ ನಿಲ್ಲುತ್ತೀಯ. ಪುಡಿ ಹಾಕಿ ಕತ್ತಲಲ್ಲಿ ಒಂದು, ಪುಡಿ ಇಲ್ಲದೆ ಬಿಸಿಲಲ್ಲಿ ಒಂದು, ಪುಡಿ ಹಾಕಿ ಬಿಸಿಲಲ್ಲಿ ಒಂದು, ಮೂರೂ ಒಂದೇ ದಿನ ಮಾಡು. ಬಿಸಿಲಿಗಿಡುವ ಮೊದಲು ಅರ್ಧ ಗಂಟೆ ಕತ್ತಲಲ್ಲಿ ಕಲಕು, ಆಮೇಲೆ ಮೆಥಿಲೀನ್ ಬ್ಲೂ ಹೆಚ್ಚು ಹೀರುವ 664 ನ್ಯಾನೊಮೀಟರ್ ಬೆಳಕಿನಲ್ಲಿ ಓದಿದ್ದನ್ನು ಶುರುವಿನ ಅಂಕಿ ಅಂತ ತೆಗೆದುಕೋ. ಜಿಂಕ್ ಆಕ್ಸೈಡ್‌ನ ಬ್ಯಾಂಡ್ ಗ್ಯಾಪ್ (ಎಲೆಕ್ಟ್ರಾನ್ ಎಬ್ಬಿಸಲು ಬೆಳಕಿಗೆ ಬೇಕಾದ ಕನಿಷ್ಠ ಶಕ್ತಿ) ಸುಮಾರು 3.3 ಎಲೆಕ್ಟ್ರಾನ್ ವೋಲ್ಟ್, ಅಂದರೆ ಅದಕ್ಕೆ ಬೇಕಾದದ್ದು ಸುಮಾರು 375 ನ್ಯಾನೊಮೀಟರ್‌ಗಿಂತ ಗಿಡ್ಡ ಬೆಳಕು. ಬಿಸಿಲಲ್ಲಿ ಅದು ಸ್ವಲ್ಪವೇ ಇರುತ್ತದೆ, ಮೋಡ ಕವಿದ ದಿನ ಇನ್ನೂ ಕಡಿಮೆ. ಒಂದು ದಿನದ ಅಂಕಿಯನ್ನು ಇನ್ನೊಂದು ದಿನದ್ದಕ್ಕೆ ಹೋಲಿಸಬೇಡ.

ಸಕಲೇಶಪುರ_ತೋಟ

ನನಗೆ ಕೆಮಿಸ್ಟ್ರಿ ಪಿಯುಸಿವರೆಗೆ ಮಾತ್ರ. ಆದರೆ ಹೊಟ್ಟಿನ ಬಗ್ಗೆ ಒಂದು ಮಾತು ಕೇಳಲೇಬೇಕು. ಆ ತೋಟಕ್ಕೆ ಬೋರ್ಡೋ ದ್ರಾವಣ ಹೊಡೆದಿದ್ದರಾ? ನಮ್ಮ ಕಡೆ ಎಲೆ ತುಕ್ಕು ರೋಗಕ್ಕೆ ಮೈಲುತುತ್ತ, ಸುಣ್ಣ ಕಲಸಿ ಹೊಡೆಯುತ್ತೇವೆ, ಮೆಣಸಿನ ಬಳ್ಳಿಗೂ ಅದೇ. ಸಿಪ್ಪೆಯ ಮೇಲೆ ಒಂದಿಷ್ಟು ತಾಮ್ರ ಉಳಿದಿರಬಹುದು. ಹಣ್ಣನ್ನು ಮಣ್ಣಿನ ಕಣದಲ್ಲಿ ಒಣಗಿಸಿದ್ದರೆ ಮಣ್ಣೂ ಬಂದಿರುತ್ತದೆ, ಸಿಮೆಂಟ್ ಕಣದ್ದಾದರೆ ಕಡಿಮೆ.

ಚಿಕ್ಕಮಗಳೂರು_ಮೇಷ್ಟ್ರು

ತುಂಬಾ ಒಳ್ಳೆಯ ಪ್ರಶ್ನೆ ಸರ್, ನನಗೆ ಹೊಳೆದೇ ಇರಲಿಲ್ಲ. ತಾಮ್ರ ಚೂರು ಸೇರಿದರೂ ಜಿಂಕ್ ಆಕ್ಸೈಡ್ ಬೆಳಕಿನಲ್ಲಿ ವರ್ತಿಸುವ ರೀತಿ ಬದಲಾಗಬಹುದು. ಎಕ್ಸ್‌ಆರ್‌ಡಿಯಲ್ಲಿ ಅಷ್ಟು ಕಡಿಮೆ ಇದ್ದರೆ ಕಾಣುವುದಿಲ್ಲ, ಸೆಮ್ ಜೊತೆ ಬರುವ, ಯಾವ ಧಾತು ಇದೆ ಅಂತ ತೋರಿಸುವ ಇಡಿಎಕ್ಸ್‌ನಲ್ಲೂ ತಪ್ಪಿಸಿಕೊಳ್ಳಬಹುದು. ಆಸಿಡ್‌ನಲ್ಲಿ ಕರಗಿಸಿ ಐಸಿಪಿ (ಚೂರುಪಾರು ಲೋಹವನ್ನೂ ಅಳೆಯುವ ಪರೀಕ್ಷೆ) ಮಾಡಿಸುವುದೇ ಸರಿ. ಕಾಲೇಜಿನಲ್ಲಿ ಇಲ್ಲದಿದ್ದರೆ ಐ-ಸ್ಟೆಮ್ ಪೋರ್ಟಲ್‌ನಲ್ಲಿ ಹುಡುಕಿ, ಹತ್ತಿರದಲ್ಲಿ ಯಾವ ಸಂಸ್ಥೆಯಲ್ಲಿ ಯಾವ ಯಂತ್ರ ಇದೆ ಅಂತ ಸಿಗುತ್ತದೆ.

ಮೂಡಿಗೆರೆ_ಎಂಎಸ್ಸಿ

ಮೂರು ವಾರ ಆಯಿತು, ಬಂದದ್ದನ್ನು ಇಲ್ಲಿ ಹಾಕುತ್ತಿದ್ದೇನೆ. ಸುಟ್ಟು ತೊಳೆದ ಮೇಲೆ ಪುಡಿ ಬೆಳ್ಳಗಾಯಿತು, 1.5 ಗ್ರಾಂ ಉಳಿಯಿತು. 28.3, 40.5 ಎರಡೂ ಪೀಕ್ ಮಾಯ. ಅಗಲ 0.29ಕ್ಕೆ ಇಳಿದಿದೆ, ಯಂತ್ರದ್ದು ಕಳೆಯದೆ 29 ನ್ಯಾನೊಮೀಟರ್. ಹಳೆ ಬೂದು ಪುಡಿ ಕತ್ತಲಲ್ಲೇ 60 ಶೇಕಡಾಕ್ಕಿಂತ ಜಾಸ್ತಿ ಬಣ್ಣ ಹೀರಿತು, ಹೊಸ ಬಿಳಿ ಪುಡಿ ಹತ್ತಕ್ಕಿಂತ ಕಡಿಮೆ. ಬಿಸಿಲಲ್ಲಿ ಬಿಳಿ ಪುಡಿ ನಿಧಾನ, ಆದರೆ ಕೊನೆಗೆ ತಳದ ಪುಡಿ ಬಿಳಿಯಾಗಿಯೇ ಇತ್ತು. ಅದನ್ನು ನೋಡಿದಾಗ ಆದ ಸಂತೋಷ ಆ 90 ಶೇಕಡಾ ಬಂದಾಗ ಆಗಿರಲಿಲ್ಲ. ಗೈಡ್‌ಗೆ ಎಲ್ಲ ತೋರಿಸಿದೆ, ಎರಡೂ ಪುಡಿಗಳನ್ನು ಅಕ್ಕಪಕ್ಕ ಇಟ್ಟೇ ಬರೆ ಅಂದರು. ಯೂರಿಯಾ ಸ್ಯಾಂಪಲ್ ಈ ವಾರ. ಬೋರ್ಡೋ ವಿಷಯ ಕೇಳಿದೆ, ಹೊಡೆದಿದ್ದರಂತೆ.

ಸಕಲೇಶಪುರ_ತೋಟ

ನಮ್ಮ ಮನೆ ಹಿಂದಿನ ರೊಬಸ್ಟಾ ಪಟ್ಟೆಗೆ ಈ ವರ್ಷ ಬೋರ್ಡೋ ಹೊಡೆದಿಲ್ಲಮ್ಮ, ಒಣಗಿಸಿದ್ದು ಸಿಮೆಂಟ್ ಕಣದಲ್ಲಿ. ಅದರ ಹೊಟ್ಟು ಒಂದು ಚೀಲ ಬೇರೆ ಎತ್ತಿಟ್ಟಿದ್ದೇನೆ. ಹಾಸನದ ಬಸ್ಸಿಗೆ ಹಾಕಿಸುತ್ತೇನೆ, ಯಾವ ದಿನ ಬೇಕು ಅಂತ ಮೆಸೇಜ್ ಮಾಡು.