ತಪಾಸಣೆ, ನಿಗಾ, ಅನುಪಾಲನೆ: ಕಟ್ಟಡ ಕೆಲಸದ ಕಾನೂನಿನ ಪದಗಳ ಬಗ್ಗೆ

ಬಲ್ಲವರಲ್ಲಿ ಒಂದು ವಿಚಾರಣೆ. ಬೆಳಗಾವಿಯ ಕಟ್ಟಡ ಕಾರ್ಮಿಕರಿಗಾಗಿ ಸುರಕ್ಷತಾ ನಿಯಮಗಳ ಕಿರುಹೊತ್ತಿಗೆಯೊಂದನ್ನು ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಕಟ್ಟಡ ಏಳುತ್ತಿರುವ ಜಾಗದಲ್ಲಿ ಕಾನೂನಿನಂತೆ ಕೆಲಸ ನಡೆಯುತ್ತಿದೆಯೇ ಎಂಬುದನ್ನು ಸರ್ಕಾರ ಹೇಗೆ ನೋಡಿಕೊಳ್ಳುತ್ತದೆ ಎಂದು ವಿವರಿಸುವ ಭಾಗದಲ್ಲಿ ತಪಾಸಣೆ, ಪರಿವೀಕ್ಷಣೆ, ಪರಿಶೀಲನೆ, ನಿಗಾ, ಪಾಲನೆ, ಅನುಪಾಲನೆ ಎಂಬ ಪದಗಳು ಒಂದರ ಜಾಗದಲ್ಲಿ ಇನ್ನೊಂದು ಬಂದು ಕೂರುತ್ತಿವೆ. ಯಾರು ಏನು ಮಾಡಬೇಕೆಂಬುದು ಓದುವವನಿಗೆ ಸ್ಪಷ್ಟವಾಗಬೇಕಾದರೆ ಇವುಗಳ ಗಡಿಯನ್ನು ಮೊದಲು ಗುರುತಿಸಿಕೊಳ್ಳಬೇಕೆಂದು ನನಗೆ ತೋರುತ್ತದೆ.

ಅಧಿಕಾರಿಯ ಹೆಸರಿನಿಂದಲೇ ತೊಡಕು ಶುರುವಾಗುತ್ತದೆ. ‘ಕಾರ್ಮಿಕ ನಿರೀಕ್ಷಕ’ ಎಂಬುದು ರೂಢಿಯಲ್ಲಿ ನಿಂತಿರುವ ಪದನಾಮ. ಆದರೆ ಕನ್ನಡದಲ್ಲಿ ‘ನಿರೀಕ್ಷಿಸು’ ಎಂದರೆ ಎದುರುನೋಡು ಎಂದೇ ಅರ್ಥವಾಗಿಬಿಟ್ಟಿರುವುದರಿಂದ ನಿರೀಕ್ಷಕರು ಬಂದು ನಿರೀಕ್ಷಿಸಿದರು ಎಂದು ಬರೆಯುವಂತಿಲ್ಲ. (ಹಾಗೆ ಬರೆದರೆ ನಗುವವರು ಯಾವುದನ್ನು ನೆನೆದು ನಗುತ್ತಾರೆಂದು ಹೇಳಬೇಕಾಗಿಲ್ಲ.) ಕ್ರಿಯೆಗೆ ಬೇರೆ ಪದ ಬೇಕೇ ಬೇಕು. ಕಚೇರಿಯ ಕಾಗದಗಳು ‘ಪರಿವೀಕ್ಷಣೆ’ಯನ್ನು ಮೆಚ್ಚುತ್ತವೆ; ನಾನು ‘ತಪಾಸಣೆ’ಯ ಪರ. ಮರಾಠಿಯಲ್ಲೂ ‘ತಪಾಸಣಿ’ ಇರುವುದರಿಂದ ಎರಡೂ ಭಾಷೆಯ ಗೌಂಡಿಗಳು ಒಟ್ಟಿಗೆ ದುಡಿಯುವ ಈ ಊರಿನಲ್ಲಿ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಟಿಳಕವಾಡಿಯ ಕಟ್ಟಡವೊಂದರ ಬಳಿ ‘ಸಾಹೇಬ್ರು ತಪಾಸ್ ಮಾಡಾಕ ಬಂದಾರ’ ಎಂಬ ಮಾತು ನನ್ನ ಕಿವಿಗೇ ಬಿದ್ದಿದೆ. ಅಂದು ಆ ಅಧಿಕಾರಿ ಮೊದಲು ಹಾಜರಿ ಪುಸ್ತಕ ನೋಡಿದರು. ಆಮೇಲೆ ಮೇಲೆ ಹತ್ತಿ, ಸ್ಲ್ಯಾಬಿನ ಅಂಚಿಗೆ ಕಂಬಿಯ ತಡೆ ಇಲ್ಲದಿರುವುದನ್ನೂ, ಲಿಫ್ಟಿನ ಬಾಯಿಗೆ ಮೊಳೆ ಹೊಡೆಯದ ಒಂದು ಪ್ಲೈವುಡ್ ಹಲಗೆ ಮುಚ್ಚಿರುವುದನ್ನೂ, ಸೊಂಟಕ್ಕೆ ಬೆಲ್ಟ್ ಕಟ್ಟಿದ್ದ ಹುಡುಗನ ಕೊಕ್ಕೆ ಯಾವುದಕ್ಕೂ ಸಿಕ್ಕಿಸದೆ ತೂಗಾಡುತ್ತಿರುವುದನ್ನೂ ಬರೆದುಕೊಂಡರು. ಹೋಗಿ, ಕಣ್ಣಾರೆ ನೋಡಿ, ಬರೆದುಕೊಳ್ಳುವ ಈ ಕೆಲಸವೇ ತಪಾಸಣೆ. ಹಾಜರಿ ಪುಸ್ತಕವನ್ನು ತಿರುವಿ ನೋಡಿದ್ದಷ್ಟಕ್ಕೆ ‘ಪರಿಶೀಲನೆ’ ಸಾಕು.

‘ನಿಗಾ’ ಇದಕ್ಕಿಂತ ಹರವಾದದ್ದು, ಅಧಿಕಾರಿ ಸ್ಥಳಕ್ಕೆ ಬಾರದೆಯೂ ನಡೆಯುವಂಥದ್ದು. ಹತ್ತು ಅಥವಾ ಹೆಚ್ಚು ಕಾರ್ಮಿಕರಿರುವ ಕಡೆ ಅನ್ವಯಿಸುತ್ತಿದ್ದ 1996ರ ಕಟ್ಟಡ ಕಾರ್ಮಿಕರ ಕಾಯ್ದೆಯಲ್ಲಿ, ಕೆಲಸ ಆರಂಭಿಸುವ 30 ದಿನ ಮೊದಲೇ ನಿರೀಕ್ಷಕರಿಗೆ ಲಿಖಿತ ಸೂಚನೆ ಕೊಡಬೇಕಿತ್ತು. ಅಪಘಾತದಲ್ಲಿ ಸಾವು ಸಂಭವಿಸಿದರೆ, ಇಲ್ಲವೇ ಗಾಯಗೊಂಡವನು 48 ಗಂಟೆ ಅಥವಾ ಅದಕ್ಕೂ ಹೆಚ್ಚು ಕಾಲ ಕೆಲಸಕ್ಕೆ ಬಾರದಂತಾದರೆ, ತಿಳಿಸಬೇಕಿತ್ತು. ಇವೆಲ್ಲ ನಿಗಾ ಇಡುವ ದಾರಿಗಳೇ ಹೊರತು ತಪಾಸಣೆಗಳಲ್ಲ. ‘ಮೇಲ್ವಿಚಾರಣೆ’ ಎಂದರೆ ಗುತ್ತಿಗೆದಾರನ ಸೂಪರ್‌ವೈಸರ್ ಮಾಡುವ ಕೆಲಸವೆಂದು ಕಾರ್ಮಿಕರು ತಿಳಿಯುವುದರಿಂದ ಅದನ್ನು ಕೈಬಿಟ್ಟಿದ್ದೇನೆ.

ಇನ್ನು ‘ಅನುಪಾಲನೆ’. ಆಡಳಿತದಲ್ಲಿ ‘ಅನುಪಾಲನಾ ವರದಿ’ ಎಂದರೆ ಆಕ್ಷೇಪಣೆ ಬಂದ ಮೇಲೆ, ಅದನ್ನು ಸರಿಪಡಿಸಿದ್ದೇವೆಂದು ಒಪ್ಪಿಸುವ ಉತ್ತರ. ಲೆಕ್ಕಪರಿಶೋಧನೆಯ ಕಡತ ಕಂಡವರಿಗೆ ಇದು ಗೊತ್ತು. ನೋಟಿಸು ಬರುವ ಮೊದಲೇ, ಯಾರೂ ಕೇಳದಿದ್ದರೂ, ನಿಯಮದಂತೆ ನಡೆದುಕೊಳ್ಳುವುದಕ್ಕೂ ಅದೇ ಪದವನ್ನು ಬಳಸಿದರೆ ಕಾನೂನು ಪಾಲಿಸುವುದೆಂದರೆ ವರದಿ ಬರೆದು ಕಳುಹಿಸುವುದು ಎಂದಾಗುತ್ತದೆ. ತಾನಾಗಿ ನಿಯಮದಂತೆ ನಡೆದುಕೊಳ್ಳುವುದಕ್ಕೆ ಬರಿಯ ‘ಪಾಲನೆ’ಯನ್ನೂ ಆಕ್ಷೇಪಣೆ ಬಂದ ಮೇಲೆ ಒಪ್ಪಿಸುವ ಉತ್ತರಕ್ಕೆ ಮಾತ್ರ ‘ಅನುಪಾಲನೆ’ಯನ್ನೂ ಇಟ್ಟುಕೊಳ್ಳಬಹುದಲ್ಲವೇ?

ಕೊನೆಯದು ನಿಜವಾಗಿ ಕಗ್ಗಂಟು. 1996ರ ಕಾಯ್ದೆಯನ್ನು ತನ್ನೊಳಗೆ ಸೇರಿಸಿಕೊಂಡ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂತು. ಅದರಲ್ಲಿ ನಿರೀಕ್ಷಕರು ‘ಇನ್‌ಸ್ಪೆಕ್ಟರ್-ಕಮ್-ಫೆಸಿಲಿಟೇಟರ್’ ಆಗಿದ್ದಾರೆ. ತರಬೇತಿಗಳಲ್ಲಿ ಬಳಕೆಯಲ್ಲಿರುವ ‘ಸುಗಮಕಾರ’ವನ್ನು ತಂದು ‘ನಿರೀಕ್ಷಕ-ಸುಗಮಕಾರ’ ಎನ್ನುವುದು ಸುಲಭವೇ; ಆದರೆ ಯಾರ ಹಾದಿ ಸುಗಮ ಮಾಡುವವರು ಎಂದು ಕಾರ್ಮಿಕನೊಬ್ಬ ಕೇಳಿದರೆ ಆ ಪದದಲ್ಲಿ ಉತ್ತರವಿಲ್ಲ. ಸಂಹಿತೆ ಹೇಳುವುದು ಮಾಲೀಕರು, ಕಾರ್ಮಿಕರು ಇಬ್ಬರಿಗೂ ಕಾನೂನು ಪಾಲಿಸುವ ಬಗೆಯನ್ನು ತಿಳಿಸಿಕೊಡಬೇಕೆಂದು. ಅದೇ ಅಧಿಕಾರಿಗೆ, ಜೀವಕ್ಕೆ ಅಪಾಯವಿರುವ ಕಡೆ ಆ ಅಪಾಯ ನಿವಾರಣೆಯಾಗುವ ತನಕ ಅಲ್ಲಿ ಜನರನ್ನು ದುಡಿಸದಂತೆ ಲಿಖಿತವಾಗಿ ತಡೆಯುವ ಅಧಿಕಾರವೂ ಇದೆ. ಹೀಗಾಗಿ ‘ನಿರೀಕ್ಷಕ-ಮಾರ್ಗದರ್ಶಿ’ ಹೆಚ್ಚು ಹೊಂದುತ್ತದೆಂದು ನನ್ನ ಅನಿಸಿಕೆ. ಯಾವ ಕಟ್ಟಡಕ್ಕೆ ತಪಾಸಣೆಗೆ ಹೋಗಬೇಕೆಂಬುದನ್ನು ಅಧಿಕಾರಿಯ ಇಷ್ಟಕ್ಕೆ ಬಿಡದೆ ಗೊತ್ತುಮಾಡುವ ಕ್ರಮಕ್ಕೂ ಸಂಹಿತೆಯಲ್ಲಿ ಅವಕಾಶವಿದೆ. ಇದಕ್ಕೆ ‘ಯಾದೃಚ್ಛಿಕ ಆಯ್ಕೆ’ ಎಂದು ಬರೆದರೆ ಓದಿದವರೂ ತಡವರಿಸುತ್ತಾರೆ. ‘ಚೀಟಿ ಎತ್ತಿದಂತೆ ಆರಿಸುವುದು’ ಎಂದು ಬರೆದಿದ್ದೇನೆ.

‘ಮಾರ್ಗದರ್ಶಿ’ಗಿಂತ ಒಳ್ಳೆಯ ಪದ ಬಳಕೆಯಲ್ಲಿದ್ದರೆ, ಅದರಲ್ಲೂ ಬಾಗಲಕೋಟೆ, ವಿಜಯಪುರದ ಕಡೆಯ ಕಾರ್ಮಿಕ ಸಂಘಗಳವರ ಬಾಯಲ್ಲಿ ಬೇರೇನಾದರೂ ಇದ್ದರೆ, ದಯವಿಟ್ಟು ಬಳಕೆಯ ವಾಕ್ಯದೊಂದಿಗೆ ತಿಳಿಸಿರಿ.